ಮೇಷ್ಟ್ರು ಚುನಾವಣೆಗೆ ನಿಂತರೆ

ಶಾಲೆ, ಕಾಲೇಜುಗಳಲ್ಲಿ ಪಾಠ ಹೇಳಿದವರು ವಿಧಾನಸಭೆಗೋ ವಿಧಾನ ಪರಿಷತ್ತಿಗೋ ಸ್ಪರ್ಧಿಸುವ ವಿಚಾರವಾಗಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರಲ್ಲಿ ಹಲವರು ಇನ್ನೂ ಸೇವೆಯಲ್ಲಿದ್ದಾರೆ. ಹಾಗಾಗಿ ಹೆಸರು, ಊರು ಬಿಟ್ಟು ಜಿಲ್ಲೆಯನ್ನಷ್ಟೇ ಉಳಿಸಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ವಯಸ್ಸು 52, ಸೇವೆ 26 ವರ್ಷ. ಕೆಲಸ ಮಾಡಿದ ಮೂರೂ ಊರುಗಳು ಒಂದೇ ವಿಧಾನಸಭಾ ಕ್ಷೇತ್ರದಲ್ಲಿವೆ. ಹಳೆಯ ವಿದ್ಯಾರ್ಥಿಗಳು 'ಸರ್, ಮುಂದಿನ ಸಲ ನೀವು ನಿಂದರಲೇಬೇಕ್ರಿ' ಎಂದು ಗಂಟುಬಿದ್ದಿದ್ದಾರೆ. ಒಂದು ಪಕ್ಷದವರೂ ಬಂದು ಮಾತಾಡಿ ಹೋದರು. ಟಿಕೆಟ್ ಸಿಕ್ಕ ಮೇಲೆ ರಾಜೀನಾಮೆ ಕೊಟ್ಟರೆ ಸಾಕು ಅನ್ನುತ್ತಾರೆ. ಸೋತರೆ ಮತ್ತೆ ಕೆಲಸಕ್ಕೆ ಹಾಜರಾಗಬಹುದೇ?
— ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ

ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುವುದಿಲ್ಲ. ಸರ್ಕಾರಿ ನೌಕರಿ ಬಿಟ್ಟು ಚುನಾವಣೆಗೆ ನಿಂತು ಸೋತವರಿಗೆ ಅದೇ ಹುದ್ದೆಗೆ ಮರಳುವ ಹಕ್ಕಿಲ್ಲ. ಇದನ್ನು ಮನೆಯವರ ಎದುರು ಕೂತು ಒಮ್ಮೆ ಬಾಯಿಬಿಟ್ಟು ಹೇಳಿ. ಆಮೇಲೂ ನಿಲ್ಲಬೇಕು ಅನ್ನಿಸಿದರೆ ಮುಂದಿನ ಲೆಕ್ಕ ಹಾಕೋಣ.

ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗಿ ಆಯ್ಕೆಯಾಗಲು ಅನರ್ಹರು ಎನ್ನುತ್ತದೆ ಸಂವಿಧಾನದ 191ನೇ ವಿಧಿ. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಹುದ್ದೆ ಆ ಮಾತಿನೊಳಗೆ ನೇರವಾಗಿ ಬರುತ್ತದೆ. ಅರ್ಹತೆಯನ್ನು ನೋಡುವುದು ನಾಮಪತ್ರ ಪರಿಶೀಲನೆಯ ದಿನ. ಅಂದು ನೀವು ಸೇವೆಯಿಂದ ಬಿಡುಗಡೆಯಾಗಿರಬೇಕು. ಪತ್ರ ಕೊಟ್ಟು ಬಂದಿದ್ದೇನೆ ಅಂದರೆ ಸಾಲದು, ಅಂಗೀಕಾರದ ಆದೇಶ ಕೈಯಲ್ಲಿರಬೇಕು.

ಟಿಕೆಟ್ ಸಿಕ್ಕ ಮೇಲೆ ನೋಡೋಣ ಎನ್ನುವ ಸಲಹೆ ಇಲ್ಲೇ ಕೈಕೊಡುವುದು. 2023ರ ನಮ್ಮ ವಿಧಾನಸಭಾ ಚುನಾವಣೆಯ ದಿನಾಂಕಗಳನ್ನು ನೋಡಿ. ಮಾರ್ಚ್ 29ಕ್ಕೆ ವೇಳಾಪಟ್ಟಿ ಪ್ರಕಟವಾಯಿತು. ಏಪ್ರಿಲ್ 13ಕ್ಕೆ ಅಧಿಸೂಚನೆ, 20ಕ್ಕೆ ನಾಮಪತ್ರದ ಕೊನೆಯ ದಿನ, 21ಕ್ಕೆ ಪರಿಶೀಲನೆ, ಮೇ 10ಕ್ಕೆ ಮತದಾನ. ಕೆಲವು ಕ್ಷೇತ್ರಗಳ ಟಿಕೆಟ್ ನಾಮಪತ್ರದ ಕೊನೆಯ ದಿನಗಳವರೆಗೂ ತೀರ್ಮಾನವಾಗಿರಲಿಲ್ಲ. ನಿಮ್ಮಂಥವರು ಸ್ವಯಂ ನಿವೃತ್ತಿ ಪಡೆಯಬೇಕಾದರೆ ಮೂರು ತಿಂಗಳ ನೋಟಿಸ್ ಕೊಡಬೇಕು. ಅಂದರೆ ಅಂಥ ಒಂದು ವೇಳಾಪಟ್ಟಿಗೆ ನಿಮ್ಮ ನೋಟಿಸ್ ಜನವರಿಯಲ್ಲೇ ಇಲಾಖೆಯ ಮೇಜಿನ ಮೇಲಿರಬೇಕಿತ್ತು. ಅದೇ ವರ್ಷ ಮಧ್ಯಪ್ರದೇಶದಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ಮಹಿಳೆಯೊಬ್ಬರು ಚುನಾವಣೆಗೆಂದೇ ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾಗದೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಅಂಗೀಕಾರ ಬರುವ ಹೊತ್ತಿಗೆ ಅವರು ಬಯಸಿದ್ದ ಟಿಕೆಟ್ ಇನ್ನೊಬ್ಬರ ಪಾಲಾಗಿತ್ತು.

ನಿಮ್ಮ ವಿಷಯದಲ್ಲಿ ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಅಜಗಜಾಂತರ. ಕರ್ನಾಟಕ ನಾಗರಿಕ ಸೇವಾ ನಿಯಮಗಳ (ಕೆಸಿಎಸ್‌ಆರ್) ಪ್ರಕಾರ 15 ವರ್ಷದ ಅರ್ಹ ಸೇವೆ ಮುಗಿಸಿದವರು ಅಥವಾ 50 ದಾಟಿದವರು ಸ್ವಯಂ ನಿವೃತ್ತಿ ಕೇಳಬಹುದು, ಪಿಂಚಣಿ ಉಳಿಯುತ್ತದೆ. ಬರಿಯ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕಕ್ಕೆ ಬರುವುದಿಲ್ಲ. 2006ರ ಏಪ್ರಿಲ್‌ಗೆ ಮೊದಲೇ ಸೇರಿದ ನೀವು ಹಳೆಯ ಪಿಂಚಣಿಯಲ್ಲಿರುವವರು. 26 ವರ್ಷದ ದುಡಿಮೆಯನ್ನು ಅವಸರದ ಒಂದು ಕಾಗದದಲ್ಲಿ ಕಳೆದುಕೊಳ್ಳಬೇಡಿ. ಇಲಾಖಾ ವಿಚಾರಣೆ ಏನಾದರೂ ಬಾಕಿ ಇದ್ದರೆ ಸ್ವಯಂ ನಿವೃತ್ತಿಗೆ ಅನುಮತಿ ತಡೆಹಿಡಿಯಬಹುದು ಎನ್ನುವುದೂ ಗೊತ್ತಿರಲಿ.

ಹೊರಡುವ ಮುನ್ನ ಚಾರ್ಜ್ ಪಟ್ಟಿಯನ್ನು ಸಾಲು ಸಾಲಾಗಿ ಬರೆದು, ಕೊಟ್ಟವರ, ಪಡೆದವರ ಸಹಿ ಹಾಕಿಸಿ. ಬಿಸಿಯೂಟದ ಅಕ್ಕಿ, ಬೇಳೆಯ ದಾಸ್ತಾನು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಯ ಪಾಸ್‌ಬುಕ್, ಸೈಕಲ್ ವಿತರಣೆಯ ರಿಜಿಸ್ಟರ್, ಪ್ರಯೋಗಾಲಯದ ಸಾಮಾನು, ಒಂದನ್ನೂ ಬಿಡಬೇಡಿ. ಪ್ರಚಾರ ಕಾವೇರಿದಾಗ ಎದುರಾಳಿ ಮೊದಲು ಹುಡುಕುವುದು ಈ ಪುಸ್ತಕಗಳನ್ನೇ.

ಅಲ್ಲಿಯವರೆಗೆ ಪಕ್ಷದವರನ್ನು ಶಾಲೆಯ ಕೊಠಡಿಯಲ್ಲಿ ಕೂರಿಸಿ ಮಾತಾಡಬೇಡಿ. ಸರ್ಕಾರಿ ನೌಕರರ 2021ರ ನಡತೆ ನಿಯಮಗಳು ಸೇವೆಯಲ್ಲಿರುವವರನ್ನು ರಾಜಕೀಯ ಚಟುವಟಿಕೆಯಿಂದ ದೂರವಿಡುತ್ತವೆ. ನಿಯಮ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಹಾಜರಿ ಪುಸ್ತಕ ಕೈಯಲ್ಲಿರುವಾಗ ಮತ ಕೇಳಿದರೆ ಮಕ್ಕಳ ಅಪ್ಪ ಅಮ್ಮನಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಅನುದಾನಿತ ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಸ್ಪರ್ಧಿಸುವ ಆಸೆ ಇದೆ. ನಾನೂ ಕೆಲಸ ಬಿಡಬೇಕೇ? ಇನ್ನೊಂದು ಸಂಶಯ: ಶಿಕ್ಷಕರಲ್ಲದವರು ಶಿಕ್ಷಕರ ಕ್ಷೇತ್ರದಿಂದ ಗೆದ್ದು ಬರುವುದು ಹೇಗೆ ಸಾಧ್ಯ?
— ಉಪನ್ಯಾಸಕರು, ತುಮಕೂರು ಜಿಲ್ಲೆ

ಎರಡನೆಯ ಸಂಶಯ ಹಲವರದು. 75 ಸದಸ್ಯರ ನಮ್ಮ ಪರಿಷತ್ತಿನಲ್ಲಿ ಶಿಕ್ಷಕರಿಗೆ ಏಳು, ಪದವೀಧರರಿಗೆ ಏಳು ಸ್ಥಾನಗಳಿವೆ. ಸಂವಿಧಾನದ 171ನೇ ವಿಧಿ ಶಿಕ್ಷಕರಾಗಿರಬೇಕೆಂದು ಕೇಳುವುದು ಮತದಾರರನ್ನು ಮಾತ್ರ. ಅಭ್ಯರ್ಥಿಗೆ 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಬೇಕೆಂದು ಮದರಾಸಿನಿಂದ ಬಂದ ಪ್ರಕರಣವೊಂದರಲ್ಲಿ ವಾದ ನಡೆದಿತ್ತು. ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪು ಕೊಟ್ಟಿತು. ಶಿಕ್ಷಕರ ಕ್ಷೇತ್ರಕ್ಕೂ ಅದೇ ತರ್ಕ. ಹಾಗಾಗಿಯೇ ಚಿಕ್ಕೋಡಿಯ ಸಂಸದರಾಗಿದ್ದ ಪ್ರಕಾಶ ಹುಕ್ಕೇರಿ 2022ರಲ್ಲಿ ವಾಯವ್ಯ ಶಿಕ್ಷಕರ ಕ್ಷೇತ್ರದಿಂದ ಗೆಲ್ಲಲು ಸಾಧ್ಯವಾಯಿತು. ಸೇನೆಯಲ್ಲಿದ್ದ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ನೈರುತ್ಯ ಶಿಕ್ಷಕರ ಕ್ಷೇತ್ರವನ್ನು ಪ್ರತಿನಿಧಿಸಿದ್ದೂ ಹೀಗೆಯೇ.

ಪಾಠ ಹೇಳುತ್ತಿದ್ದವರೇ ಬಂದ ಉದಾಹರಣೆಯೂ ನಮ್ಮಲ್ಲಿದೆ, ಅದೂ ದೊಡ್ಡದು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದರು. 2022ರಲ್ಲಿ ಗೆದ್ದಿದ್ದು ಎಂಟನೆಯ ಸಲ. ನಡುವೆ ಶಿಕ್ಷಣ ಸಚಿವರಾದರು, ಸಭಾಪತಿಯಾದರು. ಪಕ್ಷ ಬದಲಾದರೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದ ಮೇಷ್ಟ್ರುಗಳು ಅವರನ್ನು ಬಿಡಲಿಲ್ಲ. ಅವರ ರಾಜಕೀಯ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಈ ಕ್ಷೇತ್ರಗಳಲ್ಲಿ ಶಾಲೆ ಶಾಲೆಗೆ ಹೋಗಿ ವೇತನದ ಕಡತ, ಬಡ್ತಿಯ ಕಡತ ಹಿಡಿದು ಓಡಾಡಿದವರಿಗೆ ಪಕ್ಷದ ಗಾಳಿಯನ್ನೂ ಮೀರಿದ ಮತ ಸಿಗುತ್ತದೆ ಎನ್ನುವುದನ್ನಂತೂ ಅವರ ಗೆಲುವುಗಳು ತೋರಿಸಿವೆ.

ಇನ್ನು ನಿಮ್ಮ ಕೆಲಸದ ಮಾತು. ಅನುದಾನಿತ ಸಂಸ್ಥೆಯವರ ಸ್ಥಿತಿ ಸರ್ಕಾರಿ ಶಿಕ್ಷಕರಷ್ಟು ನೇರವಲ್ಲ. ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದು. ನೇಮಿಸುವವರು ಯಾರು, ತೆಗೆಯುವವರು ಯಾರು, ಸಂಬಳ ಯಾರ ಬೊಕ್ಕಸದಿಂದ, ದಿನನಿತ್ಯದ ಹಿಡಿತ ಯಾರದು ಎಂಬುದನ್ನೆಲ್ಲ ನ್ಯಾಯಾಲಯಗಳು ನೋಡುತ್ತವೆ. ಅಜ್ಮೀರ್ ದರ್ಗಾದ ಅಡಿಯ ಶಾಲೆಯೊಂದರ ವ್ಯವಸ್ಥಾಪಕರ ಪ್ರಕರಣದಲ್ಲಿ ಅದು ಸರ್ಕಾರದ ಅಡಿಯ ಲಾಭದ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ ಹೇಳಿತ್ತು. ಹಾಗೆಂದು ಆ ತೀರ್ಪನ್ನು ನಂಬಿ ನಾಮಪತ್ರ ಹಾಕಬೇಡಿ. ನಿಮ್ಮ ನೇಮಕಾತಿ ಆದೇಶ, ಅನುಮೋದನೆಯ ಆದೇಶ, ಸಂಸ್ಥೆಯ ಸೇವಾ ನಿಯಮ ಮೂರನ್ನೂ ಚುನಾವಣಾ ಕಾನೂನು ಬಲ್ಲ ವಕೀಲರಿಗೆ ತೋರಿಸಿ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಗೆದ್ದ ಮೇಲೆ ಚುನಾವಣಾ ತಕರಾರು ಅರ್ಜಿ ಎದುರಿಸುವುದಕ್ಕಿಂತ ಇದು ಅಗ್ಗ.

ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 18 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಶಿಕ್ಷಕರ ಕ್ಷೇತ್ರದಲ್ಲಿ ನನಗೆ ಮತವಿಲ್ಲ. ನಾವು ಶಿಕ್ಷಕರಲ್ಲವೇ?
— ಸಹಶಿಕ್ಷಕಿ, ರಾಯಚೂರು ಜಿಲ್ಲೆ

ಟೀಚರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ಪ್ರೌಢಶಾಲೆಗಿಂತ ಕೆಳಗಿನ ಹಂತದಲ್ಲಿ ಕಲಿಸುವವರಿಗೆ ಈ ಮತ ಇಲ್ಲ ಎನ್ನುವುದು 171ನೇ ವಿಧಿಯಲ್ಲೇ ಬರೆದಿದೆ. ಹಾಗಾಗಿ ಇದನ್ನು ರಾಜ್ಯ ಸರ್ಕಾರ ಒಂದು ಆದೇಶದಿಂದ ತಿದ್ದಲು ಬರುವುದಿಲ್ಲ, ಸಂಸತ್ತೇ ಕಾನೂನು ತರಬೇಕು. ಓದು ಬರಹ ಕಲಿಸುವ ಅತ್ಯಂತ ಕಷ್ಟದ ಕೆಲಸ ಒಂದರಿಂದ ಐದನೇ ತರಗತಿಯಲ್ಲಿ ನಡೆಯುತ್ತದೆ. ಆ ಕೆಲಸ ಮಾಡುವವರ ದನಿಯನ್ನು ಹೊರಗಿಟ್ಟು ಉಳಿದವರನ್ನು ಶಿಕ್ಷಕರ ಪ್ರತಿನಿಧಿ ಎಂದು ಕರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನಿಮ್ಮ ಸಂಘದವರು ವೇತನ ಆಯೋಗದ ಮನವಿಯ ಜೊತೆ ಇದನ್ನೂ ಪ್ರತಿ ಸಂಸದರ ಕೈಗೆ ಕೊಡಬೇಕು.

ಅಲ್ಲಿಯವರೆಗೆ ಒಂದು ದಾರಿ ಇದೆ. ನೀವು ಪದವಿ ಮುಗಿಸಿ ಮೂರು ವರ್ಷ ಆಗಿದ್ದರೆ ಈಶಾನ್ಯ ಪದವೀಧರ ಕ್ಷೇತ್ರದಲ್ಲಿ ನಮೂನೆ 18 ತುಂಬಿ ಹೆಸರು ಸೇರಿಸಿ. ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಕಳೆದ ಸಲ ಇತ್ತು ಅಂದುಕೊಂಡು ಸುಮ್ಮನಿದ್ದರೆ ಈ ಸಲ ಇರುವುದಿಲ್ಲ. ನಿಮ್ಮ ಊರಿನ ಪ್ರೌಢಶಾಲೆಯ ಗೆಳತಿಯರಿಗೂ ಹೇಳಿ: ಅವರದು ನಮೂನೆ 19, ನವೆಂಬರ್ 1ಕ್ಕೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿರಬೇಕು, ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಬೇಕು. ಅವರು ಪದವೀಧರರೂ ಆಗಿದ್ದರೆ ಎರಡೂ ಪಟ್ಟಿಯಲ್ಲಿ ಹೆಸರಿರಬಹುದು.

ನನ್ನ ಗಂಡ ನಿವೃತ್ತ ಪ್ರಾಂಶುಪಾಲರು. ಈ ಸಲ ಪಕ್ಷೇತರರಾಗಿ ನಿಲ್ಲುತ್ತಾರೆ. ನಾನು ಇನ್ನೂ ಸರ್ಕಾರಿ ಶಾಲೆಯಲ್ಲಿದ್ದೇನೆ. ಅವರ ಪರವಾಗಿ ನಾನು ಏನು ಮಾಡಬಹುದು, ಏನು ಮಾಡಬಾರದು?
— ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಅಮ್ಮಾ, ಮನೆಯೊಳಗೆ ನೀವು ಹೆಂಡತಿ, ಹೊರಗೆ ಸರ್ಕಾರಿ ನೌಕರರು. ಕಾನೂನು ನೋಡುವುದು ಎರಡನೆಯದನ್ನು. ಅವರ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್, ಎಣಿಕೆ ಏಜೆಂಟ್ ಯಾವುದೂ ಆಗಬೇಡಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 134ಎ ಕಲಮಿನಡಿ ಅದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಅವರು ಗೆಲುವಿಗಾಗಿ ನಿಮ್ಮ ನೆರವು ಪಡೆದರು ಎಂದು ರುಜುವಾತಾದರೆ 123ನೇ ಕಲಮಿನಡಿ ಭ್ರಷ್ಟ ಆಚರಣೆ ಎಂಬ ತಕರಾರು ಎದ್ದು ಅವರ ಗೆಲುವಿಗೇ ಕುತ್ತು ಬರಬಹುದು. ಮನೆ ಮನೆಗೆ ಹೋಗುವುದು, ವೇದಿಕೆಯಲ್ಲಿ ಕೂರುವುದು, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಪೋಸ್ಟರ್ ಹಾಕುವುದು, ನಿಮ್ಮ ಸ್ಟೇಟಸ್‌ನಲ್ಲಿ ಚಿಹ್ನೆ ಇಡುವುದು ಬೇಡ. ಸ್ಟೇಟಸ್ ಅಂದರೆ ಮನೆಯ ಗೋಡೆ ಎಂದು ಹಲವು ಶಿಕ್ಷಕಿಯರು ಅಂದುಕೊಂಡಿರುತ್ತಾರೆ. ಅದರ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿರುತ್ತದೆ.

ಮತ ಹಾಕುವುದು ನಿಮ್ಮ ಹಕ್ಕು. ನಾಮಪತ್ರದ ಜೊತೆ ಅವರು ಕೊಡುವ ಪ್ರಮಾಣಪತ್ರದಲ್ಲಿ ನಿಮ್ಮ ಆಸ್ತಿ, ಸಾಲ, ಆದಾಯದ ವಿವರ ಬರಲೇಬೇಕು. ಅದನ್ನು ತಪ್ಪಿಲ್ಲದೆ ಒದಗಿಸಿ. ಅವರು ಅಭ್ಯರ್ಥಿ ಎನ್ನುವುದನ್ನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ಆ ಕ್ಷೇತ್ರದಲ್ಲಿ ಚುನಾವಣಾ ಕೆಲಸದಿಂದ ನಿಮ್ಮನ್ನು ಬಿಡುವಂತೆ ಕೇಳಿ. ಪಕ್ಷೇತರರಿಗೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಬೇಕು. ಆ ಹತ್ತರಲ್ಲಿ ಸೇವೆಯಲ್ಲಿರುವ ಶಿಕ್ಷಕರು ಯಾರೂ ಇಲ್ಲದಂತೆ ನೋಡಿಕೊಳ್ಳಲು ಅವರಿಗೆ ಹೇಳಿ.

ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ಓದಿದವರದೇ ಮತಗಳು ತಿರಸ್ಕೃತವಾಗುತ್ತವೆ ಎಂದು ಕೇಳಿದ್ದೇನೆ. ಕಾರಣವೇನು?
— ಓದುಗರು, ಉಡುಪಿ ಜಿಲ್ಲೆ

ಅಲ್ಲಿ ಯಂತ್ರ ಇಲ್ಲ, ಮತಪತ್ರ. ಮೆಚ್ಚಿದ ಅಭ್ಯರ್ಥಿಯ ಎದುರು 1 ಎಂದು ಬರೆಯಬೇಕು, ಬೇಕಾದರೆ 2, 3 ಎಂದು ಮುಂದುವರಿಸಬಹುದು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನನ್ನೇ ಬಳಸಬೇಕು. ಜೇಬಿನ ಪೆನ್ನು ತೆಗೆದರೆ, ಸರಿ ಗುರುತು ಹಾಕಿದರೆ, ಒಂದು ಎಂದು ಅಕ್ಷರದಲ್ಲಿ ಬರೆದರೆ, ಇಬ್ಬರ ಎದುರು 1 ಬರೆದರೆ, ಕೆಳಗೆ ಸಹಿ ಮಾಡಿದರೆ ಮತ ಹೋಯಿತು. ಉತ್ತರಪತ್ರಿಕೆ ತಿದ್ದಿ ತಿದ್ದಿ ಸರಿ ಗುರುತು ಹಾಕಿ ಸಹಿ ಮಾಡುವುದು ಕೈಗೆ ಅಭ್ಯಾಸವಾಗಿರುತ್ತದಲ್ಲ, ಹಾಗಾಗಿ ಎಚ್ಚರ ಬೇಕು. ಕನ್ನಡ ಅಂಕಿಯಲ್ಲಿ ೧ ಎಂದು ಬರೆದರೆ ಮಾನ್ಯ.

ಗೆಲ್ಲಲು ಮಾನ್ಯ ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಪತ್ರಗಳ ಎರಡನೆಯ ಪ್ರಾಶಸ್ತ್ಯವನ್ನು ಹಂಚುತ್ತಾರೆ. ಆದ್ದರಿಂದ 2 ಎಂದು ಬರೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಮ್ಮ ಭಾಗದಲ್ಲಿ ಒಬ್ಬರು ಬ್ಯಾನರ್ ತುಂಬ 'ಶಿಕ್ಷಣ ತಜ್ಞ' ಎಂದು ಹಾಕಿಕೊಂಡು ಓಡಾಡುತ್ತಿದ್ದಾರೆ. ಅವರು ಎಂದೂ ಪಾಠ ಮಾಡಿದವರಲ್ಲ, ಸಂಸ್ಥೆಗಳ ಮಾಲೀಕರು. ಅವರ ಶಾಲೆಯಲ್ಲೇ ದುಡಿಯುವ ನಾವು ಅವರಿಗೇ ಮತ ಹಾಕಬೇಕಂತೆ. ಹಾಕದಿದ್ದರೆ ಗೊತ್ತಾಗುತ್ತದೆಯೇ?
— ಖಾಸಗಿ ಪ್ರೌಢಶಾಲೆಯ ಶಿಕ್ಷಕಿ, ಬೆಂಗಳೂರು

ಗೊತ್ತಾಗುವುದಿಲ್ಲ ತಾಯಿ, ನಿಶ್ಚಿಂತೆಯಿಂದ ಇರಿ. ಮತಪತ್ರ ತೋರಿಸಿ ಹಾಕುವ ಪದ್ಧತಿ ರಾಜ್ಯಸಭೆಗೆ ಶಾಸಕರು ಮತ ಹಾಕುವಾಗ ಇದೆ. ಶಿಕ್ಷಕರ ಕ್ಷೇತ್ರದಲ್ಲಿ ನಿಮ್ಮದು ಗುಪ್ತ ಮತದಾನ. ಮೊಬೈಲ್‌ನಲ್ಲಿ ಫೋಟೊ ತೆಗೆದು ತನ್ನಿ ಎಂದು ಯಾರಾದರೂ ಹೇಳಿದರೆ ಅದು ಅಪರಾಧಕ್ಕೆ ಕರೆ, ಚುನಾವಣಾಧಿಕಾರಿಗೆ ದೂರು ಕೊಡಬಹುದು.

ಶಾಲೆ ಕಟ್ಟಿದವರನ್ನು ನಾನು ಹೀಗಳೆಯುವುದಿಲ್ಲ. ಊರಿಗೆ ಹೈಸ್ಕೂಲೇ ಇಲ್ಲದ ಕಾಲದಲ್ಲಿ ಮನೆಯ ಜಾಗ ಕೊಟ್ಟು ಶಾಲೆ ತೆರೆದ ಎಷ್ಟೋ ಜನ ನಮ್ಮ ನಾಡಿನಲ್ಲಿದ್ದಾರೆ. ಆದರೆ ಸಂಸ್ಥೆಯ ಮಾಲೀಕ ಮತ್ತು ಅಲ್ಲಿ ದುಡಿಯುವ ಶಿಕ್ಷಕಿ, ಇಬ್ಬರ ಹಿತ ಒಂದೇ ಎಂದು ಹೇಳಲಾಗದು. ಕನಿಷ್ಠ ವೇತನ, ಪಿಎಫ್, ಹೆರಿಗೆ ರಜೆ, ಬೇಸಿಗೆ ರಜೆಯ ಸಂಬಳ ಇವುಗಳ ಬಗ್ಗೆ ಸದನದಲ್ಲಿ ಮಾತು ಬಂದಾಗ ಅವರು ಎಲ್ಲಿ ನಿಲ್ಲುತ್ತಾರೆ? ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ವೃತ್ತಿ, ಆದಾಯದ ಮೂಲ, ಐದು ವರ್ಷದ ಆದಾಯ ತೆರಿಗೆ ವಿವರ, ಬಾಕಿ ಪ್ರಕರಣಗಳು ಎಲ್ಲ ಅಲ್ಲಿರುತ್ತವೆ. ಬ್ಯಾನರಿನಲ್ಲಿ ಇರುವ ವೃತ್ತಿಯೂ ಪ್ರಮಾಣಪತ್ರದಲ್ಲಿ ಇರುವ ವೃತ್ತಿಯೂ ತಾಳೆಯಾಗುತ್ತವೆಯೇ ನೋಡಿ.

ಇನ್ನೊಂದು ಮಾತು. ವಿಧಾನಸಭೆಯ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ 2022ರಿಂದ 40 ಲಕ್ಷ ರೂಪಾಯಿ ಖರ್ಚಿನ ಮಿತಿ ಇದೆ. ವಿಧಾನ ಪರಿಷತ್ತಿನ ಅಭ್ಯರ್ಥಿಗೆ ಅಂಥ ಮಿತಿಯೇ ಇಲ್ಲ. ಇಪ್ಪತ್ತು ಸಾವಿರದ ಆಸುಪಾಸು ಮತದಾರರಿರುವ ಕ್ಷೇತ್ರದಲ್ಲಿ ಮಿತಿಯಿಲ್ಲದ ಹಣ ಏನು ಮಾಡಬಲ್ಲದು ಎನ್ನುವುದು ಊಟದ ಕೂಟ, ಉಡುಗೊರೆಯ ಬ್ಯಾಗು ನೋಡಿದ ಎಲ್ಲ ಶಿಕ್ಷಕರಿಗೂ ಗೊತ್ತು. ಬ್ಯಾಗನ್ನು ಬೇಡ ಅನ್ನುವ ಧೈರ್ಯ ಶಿಕ್ಷಕರ ಕೊಠಡಿಯಲ್ಲಿ ಹುಟ್ಟಬೇಕು. ಅದನ್ನು ನಾನು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳುತ್ತೇನೆ.

ನಮಗೆ ಗಣಿತ ಕಲಿಸಿದ ಸರ್ ಚುನಾವಣೆಗೆ ನಿಂತಿದ್ದಾರೆ. ಅವರ ಪಕ್ಷ ನನಗೆ ಹಿಡಿಸುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದದ್ದೇ ಅವರಿಂದ. ಮತ ಹಾಕದಿದ್ದರೆ ಕೃತಘ್ನನಾಗುತ್ತೇನೆಯೇ?
— ಹಳೆಯ ವಿದ್ಯಾರ್ಥಿ, ಮಂಡ್ಯ ಜಿಲ್ಲೆ

ಖಂಡಿತ ಇಲ್ಲ ತಮ್ಮ. ನಿಮ್ಮ ಸರ್ ನಿಮಗೆ ಲೆಕ್ಕ ಕಲಿಸಿದ್ದು ಮುಂದೊಂದು ದಿನ ಮತ ಬರಲಿ ಅಂತಲ್ಲ. ನಿಜವಾಗಿ ಒಳ್ಳೆಯ ಮೇಷ್ಟ್ರಾದರೆ ನೀವು ಯೋಚಿಸಿ ಬೇರೆ ತೀರ್ಮಾನಕ್ಕೆ ಬಂದದ್ದನ್ನು ಕಂಡು ಒಳಗೊಳಗೇ ಖುಷಿಪಡುತ್ತಾರೆ. ಅವರ ಮನೆಗೆ ಹೋಗಿ. ಕಾಲಿಗೆ ನಮಸ್ಕಾರ ಮಾಡಿ. ಆಮೇಲೆ ಎದುರು ಕೂತು, ಸರ್, ನಿಮ್ಮ ಪಕ್ಷ ಈ ವಿಷಯದಲ್ಲಿ ಹೀಗೆ ಹೇಳುತ್ತದೆ, ಸದನದಲ್ಲಿ ಹೀಗೇ ಮತ ಹಾಕಿ ಎಂದು ಪಕ್ಷದ ವಿಪ್ ಬಂದರೆ ನೀವು ಏನು ಮಾಡುತ್ತೀರಿ ಎಂದು ಕೇಳಿ. ಪಕ್ಷದ ಚಿಹ್ನೆಯಲ್ಲಿ ಗೆದ್ದವರು ವಿಪ್ ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯಡಿ ಸ್ಥಾನ ಹೋಗಬಹುದು. ಹಾಗಾಗಿ ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ಪಕ್ಷವನ್ನು ಬಿಟ್ಟು ಅವರೊಬ್ಬರನ್ನೇ ಆರಿಸಲು ಬರುವುದಿಲ್ಲ. ಅವರ ಉತ್ತರ ಒಪ್ಪಿಗೆಯಾದರೆ ಮತ ಹಾಕಿ, ಆಗದಿದ್ದರೆ ಬೇಡ.

ಹಳೆಯ ವಿದ್ಯಾರ್ಥಿಗಳು ಪ್ರಚಾರ ಮಾಡುವುದರಲ್ಲಿ ತಪ್ಪೇನಿಲ್ಲ. ಈಗ ಓದುತ್ತಿರುವ ಮಕ್ಕಳನ್ನು ಮಾತ್ರ ಮೆರವಣಿಗೆಗೆ, ಕರಪತ್ರ ಹಂಚಲು, ಘೋಷಣೆ ಕೂಗಲು ಕರೆತರಬೇಡಿ. ಮಕ್ಕಳನ್ನು ಪ್ರಚಾರಕ್ಕೆ ಬಳಸುವುದನ್ನು ಯಾವ ರೀತಿಯಲ್ಲೂ ಸಹಿಸುವುದಿಲ್ಲ ಎಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಖಡಾಖಂಡಿತವಾಗಿ ಹೇಳಿದೆ. ಮೇಷ್ಟ್ರೊಬ್ಬರ ಪ್ರಚಾರದಲ್ಲೇ ಅದು ನಡೆದರೆ ಅದಕ್ಕಿಂತ ನೋವಿನ ಸಂಗತಿ ಇಲ್ಲ.

ಅಪ್ಪ ಕಳೆದ ವರ್ಷ ನಿವೃತ್ತರಾದರು. ಬಂದ ಗ್ರಾಚ್ಯುಟಿ, ಜಿಪಿಎಫ್ ಹಣವನ್ನೆಲ್ಲ ಚುನಾವಣೆಗೆ ಹಾಕುತ್ತೇನೆ ಅನ್ನುತ್ತಿದ್ದಾರೆ. ಅಮ್ಮ ಮಾತು ಬಿಟ್ಟಿದ್ದಾರೆ.
— ಮಗಳು, ಶಿವಮೊಗ್ಗ ಜಿಲ್ಲೆ

ಅಪ್ಪನಿಗೆ ಈ ಸಾಲುಗಳನ್ನು ತೋರಿಸಮ್ಮ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಮಾನ್ಯ ಮತಗಳಲ್ಲಿ ಆರನೇ ಒಂದು ಭಾಗ ಬಾರದೆ ಸೋತರೆ ಅದು ವಾಪಸ್ ಬರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಚುನಾವಣೆಗೆ ನಿಲ್ಲಲು ಬೇಕಾದ ಹಣ ಅಷ್ಟೇ. ಉಳಿದದ್ದೆಲ್ಲ ಪ್ರಚಾರದ ಖರ್ಚು. ಅದನ್ನು ಊರವರು ಎಷ್ಟು ಹೊರುತ್ತಾರೆ ಎನ್ನುವುದೇ ಅವರಿಗಿರುವ ಬೆಂಬಲದ ಅಳತೆ. ನೂರು ಜನ ತಲಾ ಒಂದು ಸಾವಿರ ಕೊಡಲು ಮುಂದೆ ಬರದ ಕಡೆ ಅವರ ಗ್ರಾಚ್ಯುಟಿ ಸುರಿದರೂ ಮತ ಹುಟ್ಟುವುದಿಲ್ಲ.

ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರ ಸಲ್ಲಿಸುವ ಮುನ್ನಾದಿನವಾದರೂ. ಒಬ್ಬ ವ್ಯಕ್ತಿಗೆ 10,000 ರೂಪಾಯಿಗಿಂತ ಹೆಚ್ಚಿನ ಪಾವತಿಯನ್ನು ನಗದಾಗಿ ಮಾಡುವಂತಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಸೋತವರೂ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿದರೆ ಮೂರು ವರ್ಷ ಅನರ್ಹತೆ. ನೀವು ಓದಿದವರು, ಆ ಲೆಕ್ಕದ ಪುಸ್ತಕ ನೀವೇ ಇಟ್ಟುಕೊಳ್ಳಿ. ಮನೆಯ ಪತ್ರ, ಅಮ್ಮನ ಒಡವೆ, ನಿಮ್ಮ ಮದುವೆಗೆಂದು ಇಟ್ಟ ಠೇವಣಿ ಇವನ್ನು ಮುಟ್ಟುವುದಿಲ್ಲ ಎಂದು ಅಪ್ಪ ಅಮ್ಮನಿಗೆ ಮೊದಲು ಮಾತು ಕೊಡಲಿ. ಮತದಾರರಿಗೆ ಕೊಡುವ ಭರವಸೆ ಆಮೇಲೆ.

ಅವರ ಬಳಿ ಹಣಕ್ಕಿಂತ ಬೆಲೆಯ ಒಂದು ವಸ್ತು ಇದೆ. ಮೇಷ್ಟ್ರಾಗಿ ಮೂವತ್ತು ವರ್ಷ ಚುನಾವಣಾ ಕೆಲಸಕ್ಕೆ ಹೋದವರು. ಮಸ್ಟರಿಂಗ್ ದಿನ ಯಂತ್ರ ಎಣಿಸಿ ಪಡೆದು, ಊರ ಶಾಲೆಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ ತೋರಿಸಿ, ಸಂಜೆ ಚಲಾವಣೆಯಾದ ಮತಗಳ ಲೆಕ್ಕದ 17ಸಿ ನಮೂನೆಗೆ ಸಹಿ ಹಾಕಿ ಕೊಟ್ಟವರು. ಆ ನಮೂನೆಯ ಪ್ರತಿ ಪಡೆಯದೆ ಮನೆಗೆ ಹೋಗುವ ಏಜೆಂಟರನ್ನು ಅವರು ಎಷ್ಟು ನೋಡಿಲ್ಲ! ತಮ್ಮ ಹುಡುಗರಿಗೆ ಅದನ್ನು ಕಲಿಸಲಿ. ಅದಕ್ಕೆ ಪೈಸೆ ಖರ್ಚಿಲ್ಲ.

ನಿವೃತ್ತ ಶಿಕ್ಷಕ. ಪ್ರಚಾರಕ್ಕೆ ಹೋದರೆ ಜನ ಚರಂಡಿ, ಬೋರ್‌ವೆಲ್, ರಸ್ತೆ ಕೇಳುತ್ತಾರೆ. ಶಾಲೆಯ ಮಾತು ಯಾರಿಗೂ ಬೇಡ. ನನಗೆ ಗೊತ್ತಿರುವುದು ಶಾಲೆ ಮಾತ್ರ. ನಾನು ಏನು ಹೇಳಲಿ?
— ಅಭ್ಯರ್ಥಿಯಾಗಬಯಸುವವರು, ಚಿತ್ರದುರ್ಗ ಜಿಲ್ಲೆ

ಚರಂಡಿಯ ಮಾತು ಕೇಳಿ, ಬರೆದುಕೊಳ್ಳಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ. ಅದರಲ್ಲಿ ಎಷ್ಟು ಚರಂಡಿ ಆಗುತ್ತದೆ ಎಂದು ಜನರ ಎದುರೇ ಲೆಕ್ಕ ಮಾಡಿ ತೋರಿಸಿ. ಲೆಕ್ಕವನ್ನು ಬಿಡಿಸಿ ಹೇಳುವುದು ನಿಮ್ಮ ಕಸುಬಲ್ಲವೇ? ಎಲ್ಲವನ್ನೂ ಮಾಡಿಸುತ್ತೇನೆ ಎನ್ನುವವರ ನಡುವೆ, ಇಷ್ಟು ಆಗುತ್ತದೆ, ಇಷ್ಟು ಪಂಚಾಯಿತಿಯದು, ಇಷ್ಟು ನನ್ನ ಕೈಯಲ್ಲಿಲ್ಲ ಎಂದು ಹೇಳುವ ಒಬ್ಬರು ಇರಲಿ.

ಶಾಲೆಯ ಮಾತು ಜನರಿಗೆ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. 'ಶಿಕ್ಷಣ ಸುಧಾರಣೆ' ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ನಿಜ. ನಿಮ್ಮೂರ ಶಾಲೆಯಲ್ಲಿ ಐದು ತರಗತಿಗೆ ಒಬ್ಬರೇ ಟೀಚರ್, ಅವರು ತರಬೇತಿಗೆ ಹೋದ ದಿನ ಮಕ್ಕಳು ಬಿಸಿಯೂಟ ಉಂಡು ಮನೆಗೆ ಬರುತ್ತಾರೆ ಎಂದು ಹೇಳಿ ನೋಡಿ, ಬಾಗಿಲ ಬಳಿ ನಿಂತ ತಾಯಿ ಮಾತಿಗೆ ಬರುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದೆ ಎಂಟನೇ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋಗುವುದನ್ನು ಹೇಳಿ. ಹೈಸ್ಕೂಲಿಗೆ ಹೋಗುವ ಬಸ್ಸು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಬರುತ್ತದೆ ಎಂದು ಹೇಳಿ. ಬೋರ್‌ವೆಲ್ಲು, ರಸ್ತೆ, ಶಾಲೆ ಎಲ್ಲ ಆ ಮನೆಯಲ್ಲಿ ಒಂದೇ ಸಮಸ್ಯೆ.

ಇದಕ್ಕೆ ಅಂದಾಜಿನ ಮಾತು ಸಾಲದು. ಪ್ರತಿ ಶಾಲೆಯೂ ವರ್ಷ ವರ್ಷ ಶಾಲೆಗಳ ಅಂಕಿಅಂಶ ವ್ಯವಸ್ಥೆಯಾದ ಯು-ಡೈಸ್‌ಗೆ ಮಾಹಿತಿ ತುಂಬುತ್ತದೆ, ನೀವೇ ಎಷ್ಟೋ ಸಲ ತುಂಬಿದ್ದೀರಿ. ಕೊಠಡಿ ಎಷ್ಟು, ಸೋರುವುದು ಎಷ್ಟು, ಶಿಕ್ಷಕರು ಎಷ್ಟು, ಮಕ್ಕಳು ಎಷ್ಟು ಎಂದು ಕ್ಷೇತ್ರದ ಪ್ರತಿ ಶಾಲೆಯ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಿಗದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಮಂಜೂರಾದ ಹುದ್ದೆ ಎಷ್ಟು, ಅತಿಥಿ ಶಿಕ್ಷಕರಿಂದ ನಡೆಯುತ್ತಿರುವುದು ಎಷ್ಟು, ಆ ಅತಿಥಿ ಶಿಕ್ಷಕರಿಗೆ ಗೌರವಧನ ಯಾವ ತಿಂಗಳವರೆಗೆ ಬಂದಿದೆ ಎನ್ನುವುದೂ ಅದರಲ್ಲಿರಲಿ.

ಶಿಕ್ಷಕರ ಬೇಡಿಕೆಗಳನ್ನೂ ಬಿಡಬೇಡಿ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ, ಅನುದಾನಿತರ ಕಾಲ್ಪನಿಕ ವೇತನ, 2006ರ ನಂತರ ಸೇವೆಗೆ ಸೇರಿದವರ ಪಿಂಚಣಿ ಎಲ್ಲ ನ್ಯಾಯದ ಪ್ರಶ್ನೆಗಳೇ. ಆದರೆ ವಿಧಾನಸಭೆಗೆ ನಿಮ್ಮನ್ನು ಕಳಿಸುವವರಲ್ಲಿ ಶಿಕ್ಷಕರು ಒಂದು ಹಿಡಿ, ಮಕ್ಕಳ ತಂದೆ ತಾಯಂದಿರು ಕ್ಷೇತ್ರದ ತುಂಬ. ಸಂಬಳದ ಮಾತು ಎಷ್ಟು ಹೊತ್ತು ಆಡುತ್ತೀರೋ ಅಷ್ಟೇ ಹೊತ್ತು ಮೂರನೇ ತರಗತಿಯ ಮಗುವಿಗೆ ಓದಲು ಬರುತ್ತಿಲ್ಲ ಎನ್ನುವುದನ್ನೂ ಆಡಬೇಕು. ಅದರಲ್ಲಿ ನಮ್ಮವರ ಪಾಲೂ ಇದ್ದರೆ ಅದನ್ನು ಹೇಳುವ ನೈತಿಕ ಬಲ ಇರುವುದು ನಿಮಗೇ.

ಗೆದ್ದರೆ ಆ ನೋಟ್‌ಬುಕ್ ನಿಮ್ಮೊಡನೆ ವಿಧಾನಸೌಧಕ್ಕೆ ಬರಲಿ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಸಚಿವರು ಸದನದಲ್ಲೇ ಉತ್ತರಿಸಬೇಕು, ನೀವು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ನಿಮ್ಮ ಲೆಕ್ಕವೂ ಇಲಾಖೆಯ ಉತ್ತರವೂ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಂದ ಉಪಪ್ರಶ್ನೆ ಶುರುಮಾಡಿ. ಸೋತರೆ ಅದೇ ನೋಟ್‌ಬುಕ್ಕನ್ನು ಗೆದ್ದವರ ಕೈಗೆ ಕೊಟ್ಟು, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದಿನ ಅಧಿವೇಶನದಲ್ಲಿ ಅವರು ಯಾವ ಪ್ರಶ್ನೆ ಹಾಕಿದರು ಎಂದು ಹಳ್ಳಿ ಹಳ್ಳಿಯ ಎಸ್‌ಡಿಎಂಸಿ ಸಭೆಯಲ್ಲಿ ಕೇಳುತ್ತಿರಿ.